ಶ್ರೀರಂಗಪಟ್ಟಣದಲ್ಲಿ ಉಳಿದುದೂ ಅಳಿದುದೂ

ಶ್ರೀರಂಗಪಟ್ಟಣವನ್ನು ನೋಡಬಂದವರು ಬಹುಮಟ್ಟಿಗೆ ಅರ್ಧ ದಿವಸದಲ್ಲಿ ನೋಡಿ ಮುಗಿಸಿ ಮೈಸೂರಿನ ದಾರಿ ಹಿಡಿಯುತ್ತಾರೆ. ರಂಗನಾಥನ ದರ್ಶನ, ಜಾಮಿಯಾ ಮಸೀದಿಯ ಎರಡು ಮಿನಾರುಗಳು, ಟೀಪೂ ಸುಲ್ತಾನನ ದೇಹ ದೊರೆತ ಸ್ಥಳ, ಬೆಯ್ಲಿಯ ಸೆರೆಮನೆ, ಕೋಟೆಯ ಹೊರಗೆ ದರಿಯಾ ದೌಲತ್ತು ಮತ್ತು ಗುಂಬಜು. ಇಷ್ಟಾದರೆ ಊರನ್ನು ಕಂಡಂತಾಯಿತೆಂದು ಅವರ ಭಾವನೆ. ಆದರೆ ಈ ಪಟ್ಟಿಯಲ್ಲಿ ಒಂದು ದೊಡ್ಡ ಲೋಪವುಂಟು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನಿಂದ ಈ ಪಟ್ಟಣವನ್ನು ಪಡೆದಂದಿನಿಂದ 1799ರ ವರೆಗೆ ಇದು ಮೈಸೂರು ಸಂಸ್ಥಾನದ ರಾಜಧಾನಿಯಾಗಿತ್ತು. ರಾಜಧಾನಿಯೆಂದ ಮೇಲೆ ಅರಮನೆಯಿರಬೇಕಷ್ಟೆ. ಅದೆಲ್ಲಿ?

ರಂಗನಾಥನ ಗುಡಿಯ ಮುಂದಣ ಬಯಲೇ ಅದಕ್ಕೆ ಉತ್ತರ. ಟೀಪೂವಿನ ಲಾಲ್ ಮಹಲು ನಿಂತಿದ್ದುದು ಅಲ್ಲಿಯೇ. ಪಟ್ಟಣವು ಬಿದ್ದ ಮಾರನೆಯ ವರ್ಷ, ಎಂದರೆ 1800ರಲ್ಲಿ, ದೇಶಸಂಚಾರ ಮಾಡುತ್ತ ಇಲ್ಲಿಗೆ ಬಂದ ಬುಕಾನನ್ ಎಂಬ ವೈದ್ಯನು ಅದನ್ನು ಇಡಿಯಾಗಿ ಕಂಡನು. ಕಲ್ಲುಮಣ್ಣುಗಳ ದಪ್ಪ ಗೋಡೆಗಳಿಂದ ಸುತ್ತುವರಿದ ವಿಸ್ತಾರವಾದ ಕಟ್ಟಡ. ಹೊರನೋಟಕ್ಕೆ ಹೇಳಿಕೊಳ್ಳುವಂಥ ಸೊಬಗೇನೂ ಇಲ್ಲ. ಒಳಗೆ ದೊರೆಯ ಏಕಾಂತದ ಕೋಣೆಗಳಿಗೆ ಹೋಗುವ ಇಕ್ಕಟ್ಟಾದ ಹಾದಿಯಲ್ಲಿ ನಾಲ್ಕು ಹುಲಿಗಳನ್ನು ಸರಪಣಿಯಿಂದ ಕಟ್ಟಿರುತ್ತಿದ್ದರೆಂದು ಆತನು ಬರೆದಿದ್ದಾನೆ. ಮುಂದೆ ಆ ಅರಮನೆಯ ಬಹುಭಾಗವನ್ನು ಕೆಡವಿದರು. ಉಳಿದ ಭಾಗವು ಗಂಧದ ಮರದ ಉಗ್ರಾಣವಾಯಿತು. ಕೊನೆಗೆ ಅದೂ ಇಲ್ಲವಾಯಿತು. ಒಡೆಯರ ಹಳೆಯ ಅರಮನೆಗೂ ಇದೇ ಗತಿ. ದ್ವೀಪದ ಪೂರ್ವದ ತುದಿಯಲ್ಲಿ ಗುಂಬಜಿನ ಬಳಿ ಲಾಲ್ ಬಾಗ್ ಎಂಬ ಮತ್ತೊಂದು ತೋಟದ ಅರಮನೆಯಿತ್ತು. ಅದರ ತೊಲೆಗಳನ್ನು ನೋಡಬೇಕೆನ್ನುವವರು ನೀಲಗಿರಿಯನ್ನು ಹತ್ತಬೇಕು: 1830ರ ಸುಮಾರಿಗೆ ಉದಕಮಂಡಲದಲ್ಲಿ ಸಂತ ಸ್ಟೀಫನ್ನನ ಹೆಸರಿನ ಇಗರ್ಜಿಯನ್ನು ಕಟ್ಟುವಾಗ, ಈ ಅರಮನೆಯ ಮರವನ್ನು ಇಳಿಸಿ ಘಟ್ಟದ ಮೇಲಕ್ಕೆ ಸಾಗಿಸಿದರು. ಇಂದಿಗೂ ಅಲ್ಲಿಯ ಪ್ರಾರ್ಥನೆ ನಡೆಯುವುದು ಆ ಮರದ ಆಸರೆಯಲ್ಲಿಯೇ.

ಇದನ್ನು ಕೇಳಿ ನಾವು ಸಿಟ್ಟಾಗುವ ಮುನ್ನ ಇನ್ನೊಂದು ಮಾತನ್ನೂ ನೆನೆಯಬೇಕು. ರಂಗನಾಥನ ಗುಡಿಯು ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬಾತನಿಂದ ಆರಂಭವಾಯಿತೆಂದು ಪ್ರತೀತಿ. 1454ರಲ್ಲಿ ನಾಗಮಂಗಲದ ತಿಮ್ಮಣ್ಣನು ವಿಜಯನಗರದ ಅರಸರ ಅಪ್ಪಣೆ ಪಡೆದು ಕೋಟೆಯನ್ನು ಕಟ್ಟಿಸಿದನೆಂದೂ, ಗುಡಿಯನ್ನು ವಿಸ್ತರಿಸಲು ಕಳಸವಾಡಿಯಲ್ಲಿದ್ದ ನೂರೊಂದು ಜೈನ ಬಸದಿಗಳನ್ನು ಕೆಡವಿ ಅವುಗಳ ಸಾಮಗ್ರಿಯನ್ನು ತಂದನೆಂದೂ ಹಳೆಯ ಹೇಳಿಕೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಒಬ್ಬರ ಮನೆಯ ಕಲ್ಲು ಮತ್ತೊಬ್ಬರ ಮನೆಯ ಗೋಡೆಯಾಗುವುದು ಈ ಊರಿನಲ್ಲಿ 1799ರಲ್ಲಿ ಮೊದಲಾದುದಲ್ಲ.

ಹಾಗಾದರೆ ಉಳಿದ ಕಟ್ಟಡಗಳು ಏಕೆ ಉಳಿದುವು? ಅವು ಅಂದವಾಗಿದ್ದುದರಿಂದ ಎಂದೊ, ಗಟ್ಟಿಯಾಗಿದ್ದುದರಿಂದ ಎಂದೊ ಹೇಳಿದರೆ ಸಾಲದು. ಯಾರಿಗೋ ಬೇಕಾಗಿದ್ದುದರಿಂದ ಉಳಿದುವು ಎಂಬುದೇ ನನಗೆ ತೋರುವ ಉತ್ತರ. ದರಿಯಾ ದೌಲತ್ತನ್ನೇ ನೋಡಿ. 1784ರಲ್ಲಿ ಕಟ್ಟಿದ, ಕಲ್ಲಿನ ಜಗಲಿಯ ಮೇಲೆ ತೇಗದ ಕಂಬಗಳು ನಿಂತ ಈ ಬೇಸಗೆಯ ಅರಮನೆಯು ಲಾಲ್ ಮಹಲಿಗಿಂತ ಎಷ್ಟೋ ಮೆದುವಾದುದು. ಮಳೆಗೂ ಬೆಂಕಿಗೂ ಬೇಗ ತುತ್ತಾಗತಕ್ಕದ್ದು. ಆದರೆ ಪಟ್ಟಣದ ಆಡಳಿತವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ಆತನಿಗೆ, ವಾಸಕ್ಕೆ ಇದೇ ಮೆಚ್ಚಿಗೆಯಾಯಿತು. ಅದರಿಂದ ಮನೆ ಬದುಕಿತು.

ಅದರ ಪಶ್ಚಿಮದ ಗೋಡೆಯ ಚಿತ್ರಗಳ ಕಥೆ ಇನ್ನೂ ಸೋಜಿಗದ್ದು. 1780ರಲ್ಲಿ ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರನೂ ಟೀಪೂವೂ ಬೆಯ್ಲಿಯ ಸೈನ್ಯವನ್ನು ಮುರಿದ ಯುದ್ಧವೇ ಅಲ್ಲಿಯ ವಸ್ತು. ಮದ್ದಿನ ಬಂಡಿ ಸಿಡಿಯುತ್ತಿದೆ. ಚೌಕವಾಗಿ ಕೂಡಿ ನಿಂತ ಕೆಂಪಂಗಿಯವರ ನಡುವೆ ಬೆಯ್ಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಸುತ್ತಲೂ ಕುದುರೆಗಳ ಪ್ರವಾಹ. ಇಂಗ್ಲಿಷರ ಮಾನಭಂಗದ ಈ ಚಿತ್ರವನ್ನು ಇಂಗ್ಲಿಷರು ಅಳಿಸಿರಬೇಕೆಂದು ಯಾರಾದರೂ ಊಹಿಸುವರು. ನಡೆದುದು ಬೇರೆ. ಅದು ಮುತ್ತಿಗೆಗೆ ಮೊದಲೇ ಕೆಟ್ಟಿತ್ತು. ಅದನ್ನು ಸರಿಪಡಿಸಿದವನು ವೆಲ್ಲೆಸ್ಲಿ. ಮತ್ತೆ ಸುಣ್ಣದಡಿ ಮರೆಯಾದಾಗ, ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯು ಹಳೆಯ ಚಿತ್ರವನ್ನು ಬಲ್ಲ ದೇಶೀಯ ಚಿತ್ರಗಾರನಿಂದ ಪುನಃ ಬರೆಸಿದನು. ಗುಂಬಜಿನ ದಂತ ಕೆತ್ತಿದ ಬಾಗಿಲುಗಳೂ ಆತನ ಕೊಡುಗೆಯೆ. ಗೆದ್ದವನಿಗೆ ಹಗೆಯ ಹಿರಿಮೆಯನ್ನು ಕಾಪಾಡುವುದರಲ್ಲಿ ನಷ್ಟವಿಲ್ಲ, ಲಾಭವೇ ಹೆಚ್ಚು; ಸೋತವನು ದೊಡ್ಡವನಾದಷ್ಟೂ ಗೆಲವೂ ದೊಡ್ಡದಾಗುವುದಷ್ಟೆ. ಏನೇ ಇರಲಿ, ಇಂದು ನಾವು ಟೀಪೂವಿನ ಕಾಲದ ಚಿತ್ರವೆಂದು ನೋಡುತ್ತಿರುವುದು ಮೂರು ಸಲ ಕೈ ಬದಲಾದ ಚಿತ್ರ.

ಸೆರೆಮನೆಯ ವಿಷಯವೂ ಹೀಗೆಯೆ. ಇಟ್ಟಿಗೆ ಗಾರೆಯ ಕಮಾನು ಚಾವಣಿಯ ಆ ನೆಲಮಾಳಿಗೆಗೆ 1782ರಲ್ಲಿ ಸೆರೆಯಲ್ಲಿಯೇ ಸತ್ತ ಬೆಯ್ಲಿಯ ಹೆಸರು ನಿಂತಿದೆ. ಅದೇ ಯುದ್ಧದಲ್ಲಿ ಸೆರೆಸಿಕ್ಕಿ 1784ರ ವರೆಗೆ ಈ ಪಟ್ಟಣದಲ್ಲಿ ಬಂಧಿಯಾಗಿದ್ದ ಡೇವಿಡ್ ಬೇರ್ಡ್ ಎಂಬಾತನೇ 1799ರ ಮೇ 4ರಂದು ಕೋಟೆಯ ಮೇಲೆ ಏರಿಹೋದ ದಳದ ಮುಂದಾಳು. ಆದರೂ ಪಟ್ಟಣದ ಅಧಿಕಾರ ದೊರೆತುದು ಅವನಿಗಲ್ಲ, ವೆಲ್ಲೆಸ್ಲಿಗೆ. ಗವರ್ನರ್ ಜನರಲ್ಲನ ತಮ್ಮನಾಗಿರುವುದು ಆ ಕಾಲದಲ್ಲಿಯೂ ಒಂದು ಯೋಗ್ಯತೆಯಾಗಿತ್ತು.

ಅರಮನೆ ಹೋದುದಕ್ಕಿಂತ ಹೆಚ್ಚಿನ ನಷ್ಟವೆಂದರೆ ಜನ ಹೋದುದು. ಟೀಪೂವಿನ ಕಾಲದಲ್ಲಿ ದ್ವೀಪದಲ್ಲಿ 1,50,000 ಜನರಿದ್ದಿರಬೇಕೆಂದು ಬುಕಾನನ್ನನ ಅಂದಾಜು. ಆತನು ಬಂದಾಗ ಉಳಿದಿದ್ದವರು ಸುಮಾರು 32,000. ಒಡೆಯರ ಪಟ್ಟ ಮೈಸೂರಿಗೆ ಮರಳಿತು. ಆ ಬಳಿಕ ಚಳಿಜ್ವರಕ್ಕೆ ಅಂಜಿ ಇಂಗ್ಲಿಷರ ದಂಡೂ ಬೆಂಗಳೂರಿಗೆ ನಡೆಯಿತು. ದೊರೆಯೂ ದಂಡೂ ಇಲ್ಲದ ಮೇಲೆ ಅವರನ್ನು ನಂಬಿದ್ದ ನೇಕಾರ, ಕಮ್ಮಾರ, ವರ್ತಕರಿಗೆ ಅಲ್ಲಿ ಏನು ಕೆಲಸ? ದೇವರೊಬ್ಬನು ಸ್ಥಳ ಬಿಡಲಿಲ್ಲ. ಆದಿರಂಗನೆಂದು ಹೆಸರಾದ ಈ ಸ್ವಾಮಿಗೆ ಹೈದರನೂ ಟೀಪೂವೂ ನಡೆದುಕೊಂಡವರೇ. ಟೀಪೂ ಒಪ್ಪಿಸಿದ ಬೆಳ್ಳಿಯ ಪಾತ್ರೆಗಳು ಗುಡಿಯಲ್ಲಿರುವುದನ್ನು ಸಂಸ್ಥಾನದ ಪ್ರಾಕ್ತನ ಇಲಾಖೆಯವರು ದಾಖಲೆ ಮಾಡಿದ್ದಾರೆ. ದಿನನಿತ್ಯದ ಪೂಜೆ ತಪ್ಪದಿರುವ ಕಟ್ಟಡಕ್ಕೆ ಬೇರೆ ಕಾವಲು ಬೇಕಿಲ್ಲ.

ಜನರಿಗೆ ಬೇಕಾಗಿ ಉಳಿದ ಮತ್ತೊಂದು ವಸ್ತು ಪೂರ್ಣಯ್ಯನವರ ಸೇತುವೆ. ಟೀಪೂವಿನ ಮಂತ್ರಿಯಾಗಿದ್ದು ಬಳಿಕ ಒಡೆಯರ ದಿವಾನರಾದ ಅವರು 1804ರಲ್ಲಿ ಅದನ್ನು ಪೂರೈಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಕಮಾನಿಲ್ಲದೆ, ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿದ ಅದರ ರೀತಿ ನಮ್ಮ ಗುಡಿಗಳ ಮಂಟಪದ್ದೇ. ಹೆಸರು ಪರರದಾದರೂ ಕೈ ನಮ್ಮದು.

ಉಪಯೋಗವಿಲ್ಲದ ಕಟ್ಟಡವನ್ನೂ ಉಳಿಸುವ ಬುದ್ಧಿ ನಮಗೆ ತಡವಾಗಿ ಬಂದಿತು. 1882ರಲ್ಲಿ ಮೈಸೂರನ್ನು ಮುಟ್ಟಿದ ರೈಲು ಕೋಟೆಯನ್ನು ಸೀಳಿಕೊಂಡೇ ಹೋಯಿತು. ಆಗ ಯಾರೂ ತಡೆದಂತೆ ಕಾಣೆ. 2017ರಲ್ಲಿ ಹಳಿಯನ್ನು ಜೋಡಿಮಾಡುವಾಗ ಟೀಪೂವಿನ ಮದ್ದಿನ ಮನೆಯೊಂದು ಅಡ್ಡ ಬಂದಿತು. ಈ ಸಲ ಅದನ್ನು ಕೆಡವಲಿಲ್ಲ. ಬುಡದಿಂದ ಬಿಡಿಸಿ ಇಡಿಯಾಗಿ ಎತ್ತಿ, ಸುಮಾರು 130 ಮೀಟರು ದೂರ ಜರುಗಿಸಿ ಕೂರಿಸಿದರು. ಲಾಲ್ ಮಹಲಿಗೆ ಇಂಥ ಕಾಲ ಬರಲಿಲ್ಲ.

ಕೋಟೆಯ ಪಶ್ಚಿಮದ ಕಡೆ, ಗೋಡೆ ಒಡೆದ ಜಾಗದಲ್ಲಿ, 1907ರಲ್ಲಿ ಮೈಸೂರು ಸರ್ಕಾರವು ನಿಲ್ಲಿಸಿದ ಶಿಲಾಸ್ತಂಭವಿದೆ. ಮುತ್ತಿಗೆ ಹಾಕಿದ ಸೈನ್ಯದವರ ನೆನಪಿಗಾಗಿ ನಿಂತುದು ಅದು. ಒಳಗೆ ನಿಂತು ಕಾದವರಿಗೆ ಅಂಥ ಕಂಬವಿಲ್ಲ. ನೋಡಬಂದವರು ಅಲ್ಲಿಗೆ ಹೋಗುವುದು ಕಡಮೆ. ಹೋಗಿ, ಸ್ತಂಭಕ್ಕೆ ಬೆನ್ನು ಮಾಡಿ ಹೊಳೆಯನ್ನು ನೋಡಬೇಕು. ಮುಂಗಾರು ಹಿಡಿಯುವುದಕ್ಕೆ ಮೊದಲು, ಮೇ ತಿಂಗಳ ಆ ಮಧ್ಯಾಹ್ನ, ಬಂಡೆಗಳ ನಡುವಣ ತೆಳ್ಳನೆಯ ನೀರನ್ನು ತುಳಿದುಕೊಂಡು ದಂಡು ದಾಟಿತು. ಇನ್ನು ಕೆಲವು ವಾರ ತಡೆದಿದ್ದರೆ ಕಾವೇರಿ ತುಂಬಿ ಬರುತ್ತಿದ್ದಳು.