ಐದನೆಯ ಕ್ರಮದ ರಾಮನ್ ಪ್ರಯೋಗಗಳು: ನೇರ ಸಂಕೇತ ಮತ್ತು ಸರಣಿ ಸಂಕೇತ

ದ್ರವದೊಳಗಿನ ಅಣುಗಳ ಚಲನೆಯನ್ನು ಬೆಳಕಿನ ಮೂಲಕ ಅರಿಯುವ ಪ್ರಯತ್ನದಲ್ಲಿ, ದೊರೆತ ಸಂಕೇತ ಯಾವ ಪ್ರಕ್ರಿಯೆಗೆ ಸೇರಿದ್ದು ಎಂಬ ಪ್ರಶ್ನೆ ಹಳೆಯದು. 1923ರಲ್ಲಿ ಕಲ್ಕತ್ತೆಯಲ್ಲಿ ಕೆ.ಆರ್. ರಾಮನಾಥನ್ ನೀರಿನಲ್ಲಿ ಕಂಡ ಮಂದ ಬೆಳಕನ್ನು ಕಲ್ಮಶದ ಪ್ರತಿದೀಪ್ತಿಯೆಂದೇ ಬಗೆಯಲಾಗಿತ್ತು. ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿದರೂ ಅದು ಅಳಿಯಲಿಲ್ಲ; ಇಂತಹ ಬೆಳಕು ಧ್ರುವೀಕರಣಗೊಂಡಿರುವುದೂ ತಿಳಿದ ಮೇಲೆ ಪ್ರತಿದೀಪ್ತಿಯ ವಾದ ಬಿದ್ದಿತು. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ಇದನ್ನು ಹೊಸ ವಿಕಿರಣವೆಂದು ವಿವರಿಸಿದರು. ಎಪ್ಪತ್ತು ವರ್ಷಗಳ ತರುವಾಯ ಅದೇ ಬಗೆಯ ಸಂದೇಹ ಇನ್ನಷ್ಟು ತೊಡಕಾಗಿ ತಲೆದೋರಿತು.

ದ್ರವಗಳ ರಾಮನ್ ರೋಹಿತದ ಕೆಳ ಆವೃತ್ತಿಯ ಭಾಗ ಅಗಲವಾಗಿ ಹರಡಿರುತ್ತದೆ. ಪ್ರತಿಯೊಂದು ಕಂಪನವೂ ಬೇಗ ಶಮನಗೊಳ್ಳುವುದರಿಂದ ಹೀಗೋ, ಅಣುಗಳ ನೆರೆಹೊರೆ ಬೇರೆಬೇರೆಯಾಗಿರುವುದರಿಂದಲೋ ಎಂಬುದನ್ನು ಮೂರನೆಯ ಕ್ರಮದ ಅಳತೆ ಹೇಳಲಾರದು. ಸ್ಪಂದಗಳ ನಡುವೆ ಎರಡು ಕಾಲಾಂತರಗಳನ್ನಿಟ್ಟು ಐದನೆಯ ಕ್ರಮದಲ್ಲಿ ಅಳೆದರೆ ಇವನ್ನು ಬೇರ್ಪಡಿಸಬಹುದೆಂದು 1993ರಲ್ಲಿ ತಾನಿಮುರ ಮತ್ತು ಮುಕಾಮೆಲ್ ಸೂಚಿಸಿದರು. 1995ರಲ್ಲಿ ಜಪಾನಿನ ತೊಮಿನಾಗ ಮತ್ತು ಯೋಶಿಹಾರ ಕಾರ್ಬನ್ ಡೈಸಲ್ಫೈಡ್ ದ್ರವದಿಂದ ಸಂಕೇತ ಪಡೆದರು.

ಆದರೆ ಅದೇ ದಿಕ್ಕಿನಲ್ಲಿ ಹೊರಡುವ ಇನ್ನೊಂದು ಬೆಳಕಿದೆ. ಒಂದು ಅಣು ಮೂರನೆಯ ಕ್ರಮದಲ್ಲಿ ಹೊಮ್ಮಿಸಿದ ಬೆಳಕು ಬೇರೊಂದು ಅಣುವಿನಲ್ಲಿ ಮತ್ತೊಂದು ಮೂರನೆಯ ಕ್ರಮದ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುತ್ತದೆ. ಈ ಸರಣಿಯೂ ಅವೇ ಸ್ಪಂದಗಳನ್ನು ಬಳಸುವುದರಿಂದ ಅದರ ಫಲ ನೇರ ಸಂಕೇತದ ವೇಷದಲ್ಲೇ ಬರುತ್ತದೆ. ಕಣ್ಣಾರೆ ಕಂಡದ್ದನ್ನೂ ಕಂಡವರಿಂದ ಕೇಳಿದ್ದನ್ನೂ ವಕ್ತೃವು ಒಂದೇ ದನಿಯಲ್ಲಿ ಹೇಳುವುದನ್ನು ಕ್ಷೇತ್ರಕಾರ್ಯದಲ್ಲಿ ಬಲ್ಲವರಿಗೆ ಈ ತೊಡಕು ಅಪರಿಚಿತವಲ್ಲ. ಸರಣಿಯಲ್ಲಿ ಹೊಸ ಮಾಹಿತಿಯೇನೂ ಇಲ್ಲ. ಮೂರನೆಯ ಕ್ರಮದಲ್ಲಿ ತಿಳಿಯಬಹುದಾದದ್ದೇ ಮರುಕಳಿಸುತ್ತದೆ.

1998ರಲ್ಲಿ ಅಲ್ನೆಸ್, ಕರ್ಕ್‌ವುಡ್ ಮತ್ತು ಆಲ್ಬ್ರೆಕ್ಟ್ ಈ ಸ್ಪರ್ಧೆಯನ್ನು ಎತ್ತಿ ತೋರಿಸಿದರು. ಮರುವರ್ಷ ಬರ್ಕ್ಲಿಯ ಬ್ಲ್ಯಾಂಕ್, ಕಾಫ್‌ಮನ್ ಮತ್ತು ಫ್ಲೆಮಿಂಗ್, ಕಾರ್ಬನ್ ಡೈಸಲ್ಫೈಡಿನ ಫಲಿತಾಂಶಗಳಲ್ಲಿ ಸರಣಿಯದೇ ಮೇಲುಗೈ ಎಂದು ಸ್ಥಾಪಿಸಿದರು. ನಾಲ್ಕು ವರ್ಷಗಳ ವ್ಯಾಖ್ಯಾನಗಳೆಲ್ಲ ಇದರಿಂದ ಅಲುಗಾಡಿದವು.

ಬೇರ್ಪಡಿಸುವ ಒಂದು ಒರೆಗಲ್ಲು ಸಾಂದ್ರತೆ. ಅಣುಗಳ ಸಾಂದ್ರತೆ ಅರ್ಧಕ್ಕಿಳಿದರೆ ನೇರ ಸಂಕೇತದ ತೀವ್ರತೆ ತತ್ತ್ವತಃ ನಾಲ್ಕನೆಯ ಒಂದು ಭಾಗಕ್ಕೂ, ಸರಣಿಯದು ಹದಿನಾರನೆಯ ಒಂದು ಭಾಗಕ್ಕೂ ಇಳಿಯಬೇಕು. ಇನ್ನೊಂದು ದಾರಿ, ಕಿರಣಗಳ ಕೋನಗಳನ್ನು ಆಯ್ದು ನಡುವಣ ಬೆಳಕಿನ ಪ್ರಾವಸ್ಥೆ ಹೊಂದದಂತೆ ಮಾಡುವುದು. ಇಂತಹ ಎಚ್ಚರಗಳ ಜೊತೆಗೆ, ಸಂಕೇತವನ್ನು ಪರಿಚಿತ ಕಿರಣದೊಡನೆ ಬೆರೆಸಿ ಅಳೆಯುವ ಹೆಟರೊಡೈನ್ ವಿಧಾನದಿಂದ 2002ರಲ್ಲಿ ಬರ್ಕ್ಲಿ ಮತ್ತು ಟೊರಾಂಟೊ ತಂಡಗಳು ನೇರ ಸಂಕೇತವನ್ನು ಸಮೀಪಿಸಿದವು. 1995-99ರ ದತ್ತಾಂಶಗಳನ್ನು ತಪ್ಪೆಂದು ತಳ್ಳುವುದಕ್ಕಿಂತ, ಬಹುಪಾಲು ಮೂರನೆಯ ಕ್ರಮದ ದಾಖಲೆಗಳೆಂದು ಓದುವುದೇ ಉಚಿತ.