ಹೊರಗಿನ ಫಲಕ, ಒಳಗಿನ ಪಾಠ: ಬೀದರ ಸೀಮೆಯಲ್ಲಿ ‘ನಾವು’ ಎಂಬ ಅರಿವು

ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿ ಬೀದರ ಜಿಲ್ಲೆಯಲ್ಲಿ ಮನೆಮಾತಾಗಿದೆ. ಕನ್ನಡದ ಏಕೀಕರಣದ ಚರಿತ್ರೆಯನ್ನು ಬರೆದವರು ಇದನ್ನು ಸಾಹಸದ ಹಾಗೂ ಜಾಣ್ಮೆಯ ಪ್ರಸಂಗವಾಗಿ ಹೇಳುತ್ತ ಬಂದಿದ್ದಾರೆ. ಅದು ಉಚಿತವೇ. ಆದರೆ ಆ ಫಲಕದ ಕೆಳಗೆ ದಿನವೂ ಹಾದುಹೋಗುತ್ತಿದ್ದ ಹುಡುಗನ ಕಡೆಯಿಂದ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ತಾನು ಯಾರು ಎಂಬುದಕ್ಕೆ ಅವನ ಬಳಿ ಎರಡು ಉತ್ತರಗಳಿದ್ದವು: ತನಿಖೆಗೆ ಬರುವ ಅಧಿಕಾರಿಗೆ ಒಂದು, ಮಣೆಯ ಮೇಲೆ ಅಕ್ಷರ ತಿದ್ದುವಾಗ ಇನ್ನೊಂದು. ಮೊದಲನೆಯದು ಸುಳ್ಳು, ಎರಡನೆಯದು ನಿಜ ಎಂದು ತೀರ್ಪು ಕೊಡುವುದು ಸುಲಭ. ಈ ಸೀಮೆಯ ಚರಿತ್ರೆ ಅಷ್ಟು ಸುಲಭವಾದ ತೀರ್ಪಿಗೆ ಒಗ್ಗುವುದಿಲ್ಲ.

ಸಮುದಾಯವೊಂದು ತನಗೆ ತಾನೇ ಹೆಸರಿಟ್ಟುಕೊಳ್ಳುವುದು ಬಹುಮಟ್ಟಿಗೆ ಎದುರಿಗೆ ಬೇರೆಯವರು ಬಂದು ನಿಂತಾಗ. ಬೀದರ ನಗರವೇ ಇದಕ್ಕೆ ಹಳೆಯ ಸಾಕ್ಷಿ. ಹದಿನಾಲ್ಕನೆಯ ಶತಮಾನದಲ್ಲಿ, ಮಹಮದ ಬಿನ್ ತುಘಲಕನ ಕಾಲದಲ್ಲಿ, ದೆಹಲಿಯ ಕಡೆಯಿಂದ ಅನೇಕ ಕುಟುಂಬಗಳು ದಕ್ಷಿಣಕ್ಕೆ ಬಂದು ನೆಲೆಸಿದವು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಮುಂದಿನ ಶತಮಾನದಲ್ಲಿ ಅಹಮದ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಇರಾನ್ ಮೊದಲಾದ ಕಡೆಗಳಿಂದ ಬಂದವರು ಆಸ್ಥಾನದಲ್ಲಿ ಉನ್ನತ ಪದವಿಗಳನ್ನು ಪಡೆಯತೊಡಗಿದಂತೆ, ಮೊದಲೇ ನೆಲೆಸಿದ್ದವರು ‘ದಖನಿ’ಗಳೆಂಬ ಹೆಸರಿನಲ್ಲಿ ಒಂದು ಪಕ್ಷವಾದರು. ಕೆಲವೇ ತಲೆಮಾರುಗಳ ಹಿಂದೆ ತಾವೂ ಹೊರಗಿನಿಂದ ಬಂದವರೇ ಎಂಬುದು ಆಗ ಅವರ ನೆನಪಿನಲ್ಲಿ ಮುಖ್ಯವಾಗಿ ಉಳಿದಿರಲಿಲ್ಲ. ಹೊಸಬರನ್ನು ‘ಆಫಾಕಿ’ಗಳೆಂದೂ ‘ಗರೀಬ’ರೆಂದೂ ಕರೆಯಲಾಯಿತು. ಇಂದು ಗರೀಬನೆಂದರೆ ಬಡವ. ಅಂದಿನ ಬಳಕೆಯಲ್ಲಿ ಪರನಾಡಿನವ. ಕನ್ನಡದ ‘ಪರದೇಶಿ’ ಎಂಬ ಶಬ್ದವೂ ಹೊರನಾಡಿನವನೆಂಬ ಅರ್ಥದಿಂದ ದಿಕ್ಕಿಲ್ಲದವನೆಂಬ ಅರ್ಥಕ್ಕೆ ಇಳಿದಿರುವುದನ್ನು ಇಲ್ಲಿ ನೆನೆಯಬಹುದು. ಗೀಲಾನಿನಿಂದ ಬಂದ ಮಹಮೂದ ಗವಾನನು 1472ರಲ್ಲಿ ಬೀದರದಲ್ಲಿ ಮದರಸವನ್ನು ಕಟ್ಟಿಸಿದನು, ಎರಡೂ ಪಕ್ಷಗಳಿಗೆ ಅಧಿಕಾರವನ್ನು ಹಂಚಿ ತೂಕ ಕಾಯಲು ಯತ್ನಿಸಿದನು. 1481ರಲ್ಲಿ ಖೊಟ್ಟಿ ಪತ್ರವೊಂದರ ನೆಪದಲ್ಲಿ ಅವನ ವಧೆಯಾಯಿತು. ‘ನಾವು’ ಮತ್ತು ‘ಅವರು’ ಎಂಬ ಎಣಿಕೆ ರಾಜ್ಯವನ್ನೇ ಒಡೆಯಬಲ್ಲದೆಂಬುದನ್ನು ಬಹಮನಿಗಳ ಮುಂದಿನ ಚರಿತ್ರೆ ತೋರಿಸಿತು.

ಆಸ್ಥಾನದ ಹೊರಗೆ ಮಾತ್ರ ಈ ಎಣಿಕೆ ಅಷ್ಟು ಬಿಗಿಯಾಗಿರಲಿಲ್ಲ. ಬೀದರದ ಹತ್ತಿರದ ಅಷ್ಟೂರಿನಲ್ಲಿ ಅದೇ ಅಹಮದ ಶಾಹ ವಲಿಯ ಗೋರಿಯಿದೆ. ಅಲ್ಲಿಯ ಉರುಸು ಹಿಂದೂ ಪಂಚಾಂಗವನ್ನು ಅನುಸರಿಸಿ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಬರುವ ಜಂಗಮರಿಗೆ ಅದರಲ್ಲಿ ಪ್ರಮುಖ ಪಾತ್ರವುಂಟು. ಮುಸಲ್ಮಾನರಿಗೆ ವಲಿಯಾದವನೇ ಅನೇಕ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಇದನ್ನು ‘ಭಾವೈಕ್ಯ’ ಎಂಬ ಒಂದೇ ಪದದಲ್ಲಿ ಮುಗಿಸುವುದು ವಾಡಿಕೆ. ವಾಸ್ತವವಾಗಿ ಅಲ್ಲಿ ಯಾರೂ ಒಂದಾಗಿಲ್ಲ. ಇಬ್ಬರೂ ತಮ್ಮ ತಮ್ಮ ಹೆಸರಿನಿಂದಲೇ ಕರೆಯುತ್ತಾರೆ, ಒಬ್ಬರ ಹೆಸರನ್ನು ಇನ್ನೊಬ್ಬರು ತಿದ್ದಹೋಗುವುದಿಲ್ಲ, ಅಷ್ಟೆ. ಆ ‘ಅಷ್ಟೆ’ ಸಣ್ಣದಲ್ಲ.

ಭಾಷೆಯ ವಿಷಯದಲ್ಲಿಯೂ ಇದೇ ಸ್ಥಿತಿ. ಭಾಲ್ಕಿ, ಔರಾದ ತಾಲ್ಲೂಕುಗಳ ಊರುಗಳಲ್ಲಿ ಮನೆಯ ಮಾತು ಕನ್ನಡವಾದರೆ ಸಂತೆಯ ಮಾತು ಮರಾಠಿಯಾಗಬಹುದು. ಮನೆಯ ಮಾತು ಮರಾಠಿಯಾದರೆ ಮಠದ ಮಾತು ಕನ್ನಡವಾಗಬಹುದು. ಕಚೇರಿಗೆ ಉರ್ದು, ಪೂರ್ವದ ಅಂಚಿನ ಹಳ್ಳಿಗಳಲ್ಲಿ ತೆಲುಗು. ಇಂಥ ಗಡಿಸೀಮೆಯ ಮನಸ್ಸನ್ನು ಅರಿಯಲು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು ಸಾಂಗಲಿ ಜಿಲ್ಲೆಯ ಕುಪವಾಡವನ್ನು ಕುರಿತು 1971ರಲ್ಲಿ ಪ್ರಕಟಿಸಿದ ಅಧ್ಯಯನ ಈಗಲೂ ಉಪಯುಕ್ತ. ಆ ಊರಿನಲ್ಲಿ ಜೈನರ ಹಾಗೂ ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು. ಬೇರೆ ಬೇರೆ ಸಮುದಾಯದವರು ಕೂಡಿದಾಗ ಬಳಸುತ್ತಿದ್ದುದು ಹೆಚ್ಚಾಗಿ ಮರಾಠಿ. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರವಾಗಿತ್ತೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಾಗಿತ್ತು. ಆದರೆ ಪದಗಳು ಮಾತ್ರ ಬೇರೆಯಾಗಿಯೇ ಉಳಿದಿದ್ದವು. ವ್ಯಾಕರಣದಲ್ಲಿ ಒಂದಾದವರು ಶಬ್ದಕೋಶದಲ್ಲಿ ಒಂದಾಗಲು ಒಪ್ಪಲಿಲ್ಲ. ಏಕೆಂದರೆ ಮನೆಯೊಳಗಿನ ಮಾತೇ ‘ನಾವು ಇಂಥವರು’ ಎಂಬುದರ ಗುರುತಾಗಿತ್ತು. ಕುಪವಾಡದ ಫಲಿತಗಳನ್ನು ಬೀದರಕ್ಕೆ ಹಾಗೆಯೇ ಹಚ್ಚಬೇಕಾಗಿಲ್ಲ. ಹಲವು ಮಾತುಗಳ ನಡುವೆ ಬದುಕುವವನು ಗುರುತನ್ನು ಕಳೆದುಕೊಂಡವನಲ್ಲ, ಯಾವ ಗುರುತು ಎಲ್ಲಿಗೆ ಸಲ್ಲುತ್ತದೆಂಬುದನ್ನು ಬಲ್ಲವನು ಎಂಬ ಮಾತು ಎರಡೂ ಕಡೆಗೆ ಹೊಂದುತ್ತದೆ.

ಪ್ರಭುತ್ವಕ್ಕೆ ಈ ಬಲ್ಲತನ ಬೇಕಾಗಿರಲಿಲ್ಲ, ಅದಕ್ಕೆ ಒಂದೇ ಉತ್ತರ ಬೇಕಾಗಿತ್ತು. ಹೈದರಾಬಾದ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿಯೇ ಸ್ಥಾಪನೆಯಾಯಿತು. ಇಂಗ್ಲಿಷನ್ನು ಬದಿಗಿಟ್ಟು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟ ಆ ಪ್ರಯೋಗ ದೊಡ್ಡದೆಂಬುದನ್ನು ಮರೆಯಲಾಗದು. ಆದರೆ ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ಅವರಿಗೆ ಉರ್ದು ವಿದ್ಯೆಯ ಬಾಗಿಲೂ ಆಯಿತು, ಅಗಳಿಯೂ ಆಯಿತು. ಅಂದಿನ ಔರಾದ ಸೀಮೆಯ ಕಮಲನಗರದಲ್ಲಿಯೂ ಭಾಲ್ಕಿಯಲ್ಲಿಯೂ ಪಟ್ಟದ್ದೇವರು ನಡೆಸಿದ ಶಾಲೆಗಳು ಇಂಥ ವಾತಾವರಣದಲ್ಲಿ ಹುಟ್ಟಿದವು. ಅದುವರೆಗೆ ಒಲೆಯ ಮುಂದಿನ ಮತ್ತು ಭಜನೆಯ ಮಾತಾಗಿದ್ದ ಕನ್ನಡ ಅಲ್ಲಿ ಮೊದಲ ಬಾರಿಗೆ ‘ನಾವು ಕನ್ನಡಿಗರು’ ಎಂಬ ಹೇಳಿಕೆಯಾಯಿತು. ಉರ್ದು ಫಲಕವಿಲ್ಲದಿದ್ದರೆ ಆ ಹೇಳಿಕೆಗೆ ಅಷ್ಟು ಮೊನೆ ಬರುತ್ತಿತ್ತೇ ಎಂಬುದು ಸಂದೇಹ. ಗರೀಬರು ಬಂದಾಗ ದಖನಿಗಳಾದವರ ಕಥೆ ಐದು ಶತಮಾನಗಳ ತರುವಾಯ ಬೇರೆ ವೇಷದಲ್ಲಿ ಮರಳಿತು.

ಒಂದೇ ಉತ್ತರದ ಹಟ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ 1948ನೆಯ ವರ್ಷವೊಂದೇ ಸಾಕು. ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಸೇಡಿನ ಅಲೆ ಮುಸಲ್ಮಾನರ ಮೇಲೆ ತಿರುಗಿತು. ಪಂಡಿತ ಸುಂದರಲಾಲ್ ಸಮಿತಿಯು ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿದಾಗ ಉಸ್ಮಾನಾಬಾದ, ಕಲಬುರಗಿ, ನಾಂದೇಡಗಳ ಜೊತೆಗೆ ಬೀದರವೂ ಅದರಲ್ಲಿತ್ತು. ಜಿಲ್ಲೆಯ ಚರಿತ್ರೆಗಳಲ್ಲಿ ಮೊದಲನೆಯ ಅಧ್ಯಾಯ ವಿವರವಾಗಿದೆ, ಎರಡನೆಯದು ಕೆಲವು ಸಾಲುಗಳಲ್ಲಿ ಮುಗಿಯುತ್ತದೆ. ಸಂಶೋಧಕರು ತುಂಬಬೇಕಾದ ತೆರಪು ಇದು.

ಅನಂತರ ಪ್ರಶ್ನೆ ಕೇಳಿದ್ದು ಜನಗಣತಿಯ ಹಾಳೆ. 1951ರಲ್ಲಿ ಬೀದರ ಜಿಲ್ಲೆಯ ವಿಸ್ತಾರ ಇಂದಿನದಕ್ಕಿಂತ ಹೆಚ್ಚಾಗಿತ್ತು. ಅಲ್ಲಿ ಯಾವ ಒಂದು ಭಾಷೆಗೂ ಬಹುಮತವಿರಲಿಲ್ಲ. ಫಜಲ್ ಅಲಿ ಆಯೋಗವು 1955ರ ತನ್ನ ವರದಿಯಲ್ಲಿ ಜಿಲ್ಲೆಯನ್ನು ಒಡೆಯದೆ ಉಳಿದ ಹೈದರಾಬಾದ ರಾಜ್ಯದೊಡನೆ ಇರಿಸಲು ಸೂಚಿಸಿತ್ತು. 1956ರ ಕಾಯಿದೆ ಬೇರೆ ದಾರಿ ಹಿಡಿಯಿತು: ಉದಗೀರ, ನೀಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ, ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರಿಗೆ. ಉದಗೀರಕ್ಕೆ ಹೆಣ್ಣು ಕೊಟ್ಟು ಔರಾದಕ್ಕೆ ಹೆಣ್ಣು ತಂದುಕೊಳ್ಳುತ್ತಿದ್ದ ಮನೆತನಗಳು ಬೀಗತನ ಬಿಡದೆಯೇ ಎರಡು ರಾಜ್ಯಗಳ ಪ್ರಜೆಗಳಾದವು. ಮಕ್ಕಳು ಬೇರೆ ಬೇರೆ ಪಠ್ಯಗಳಲ್ಲಿ ಬೇರೆ ಬೇರೆ ನಾಡವೀರರನ್ನು ಓದಿದರು. ಕುಪವಾಡದಲ್ಲಿ ಒಂದಾಗಿದ್ದ ವಾಕ್ಯರಚನೆಗೆ ಸಮನಾದದ್ದು ಇಲ್ಲಿ ನೆಂಟಸ್ತಿಕೆ. ಮಹಾರಾಷ್ಟ್ರವು ಮುಂದೆ ಹಕ್ಕು ಸಾರಿದ 814 ಹಳ್ಳಿಗಳಲ್ಲಿ ಬೀದರ ಜಿಲ್ಲೆಯವೂ ಸೇರಿದ್ದವು.

ಕುತೂಹಲದ ಸಂಗತಿಯೆಂದರೆ, ಇತ್ತೀಚೆಗೆ ಸರ್ಕಾರವೇ ಬೇರೊಂದು ಬಗೆಯ ‘ನಾವು’ ಅನ್ನು ನಿರ್ಮಿಸಿದೆ. ಸಂವಿಧಾನದ 371ಜೆ ವಿಧಿಯ ಮೇರೆಗೆ 2013ರಿಂದ ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿ ದೊರೆಯುತ್ತಿದೆ. ಆಗ ‘ಹೈದರಾಬಾದ ಕರ್ನಾಟಕ’ವೆಂದಿದ್ದ ಪ್ರದೇಶಕ್ಕೆ 2019ರಲ್ಲಿ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರು ಬಂದಿತು, ನಿಜಾಮನ ನಗರ ಹೋಗಿ ಬಸವಣ್ಣನ ನಗರ ಬಂತು. ಫಲಕ ಬದಲಾದದ್ದರ ಬಗ್ಗೆ ಚರ್ಚೆ ನಡೆದಷ್ಟು ಅರ್ಹತಾ ಪತ್ರದ ಬಗ್ಗೆ ನಡೆಯಲಿಲ್ಲ. ತಹಸೀಲ ಕಚೇರಿಯ ಮುಂದೆ ಆ ಪತ್ರಕ್ಕಾಗಿ ಸಾಲು ನಿಲ್ಲುವ ಔರಾದದ ಮರಾಠಿ ಮನೆಯ ಹುಡುಗಿಗೂ ಬೀದರದ ಉರ್ದು ಮನೆಯ ಹುಡುಗನಿಗೂ ಭಾಲ್ಕಿಯ ಕನ್ನಡದವರಿಗೂ ಕೇಳುವ ಪ್ರಶ್ನೆ ಒಂದೇ: ಹುಟ್ಟಿದ್ದೆಲ್ಲಿ, ಎಷ್ಟು ವರ್ಷಗಳಿಂದ ಇಲ್ಲಿ ವಾಸ? ಮನೆಯಲ್ಲಿ ಆಡುವ ಮಾತು ಯಾವುದೆಂಬುದರ ಮೇಲೆ ಆ ಪತ್ರ ನಿಂತಿಲ್ಲ.