ಗೆದ್ದಲು ತಿನ್ನದೆ ಬಿಟ್ಟಿದ್ದು: ಹಳೇಬೀಡಿನ ಅರಮನೆಯಿಂದ ನಮ್ಮ ಆರ್‌ಸಿಸಿ ಮನೆವರೆಗೆ

ಅರಸೀಕೆರೆ ಕಡೆಯ ಒಂದು ಹಳ್ಳಿಗೆ ನಾವು ತೆಂಗಿನ ತೋಟದ ಸುದ್ದಿ ಮಾಡಲು ಹೋಗಿದ್ದೆವು. ಮಾತಾಡಿಸುತ್ತಿದ್ದ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಒಂದು ತುಂಡು ಜಮೀನಿನ ಮಾತು ಬಂತು. ‘ಅಪ್ಪ ಬರೆಸಿಟ್ಟ ಪಾಲುಪಟ್ಟಿ ಇದೆ, ನೋಡೇಬಿಡೋಣ’ ಅಂತ ದೊಡ್ಡವರು ಕೋಣೆಯ ಮೂಲೆಯಿಂದ ಮರದ ಪೆಟ್ಟಿಗೆ ಎಳೆದು ತಂದರು. ಮುಚ್ಚಳ ತೆಗೆದರೆ ಕಾಗದ ಇರಲಿಲ್ಲ. ಕಾಗದದ ಆಕಾರದಲ್ಲಿ ಮಣ್ಣಿತ್ತು. ತಳದ ಹಲಗೆಯನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಬಾಗಿಲಲ್ಲಿ ನಿಂತು ನೋಡಿದರು. ‘ಹಳೇ ಮನೇಲಿ ಅದು ಅಟ್ಟದ ಮೇಲೆ ನಲವತ್ತು ವರ್ಷ ಇತ್ತು ಕಣ್ರಪ್ಪ, ಒಂದು ಹುಳ ಮುಟ್ಟಿರ್ಲಿಲ್ಲ. ಸಿಮೆಂಟ್ ಮನೆಗೆ ತಂದು ನಾಕು ವರ್ಷ ಆಗಿಲ್ಲ’ ಅಂದರು.

ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ಹಳೇ ಮನೆಯಲ್ಲಿ ಉಳಿದದ್ದು ಹೊಸ ಮನೆಯಲ್ಲಿ ಯಾಕೆ ಉಳಿಯಲಿಲ್ಲ? ಇದನ್ನೇ ಹಿಡಿದುಕೊಂಡು ನಾವು ಅರಸೀಕೆರೆ, ಹಳೇಬೀಡು, ಬೇಲೂರು ಸುತ್ತಿದೆವು.

ದೇವರ ಮನೆ ಉಳಿಯಿತು, ದೊರೆಯ ಮನೆ ಹೋಯಿತು

ಹಳೇಬೀಡು ಅನ್ನುವ ಹೆಸರಲ್ಲೇ ಒಂದು ಹಳೆಯ ಮನೆಯ ಕತೆ ಇದೆ. ಬೀಡು ಅಂದರೆ ನೆಲೆ, ಬಿಡಾರ. ಹೊಯ್ಸಳರ ಕಾಲದಲ್ಲಿ ಇದು ದೋರಸಮುದ್ರ, ರಾಜಧಾನಿ. 1311ರಲ್ಲಿ ಮಲಿಕ್ ಕಾಫರ್‌ನ ಸೈನ್ಯ ಬಂತು, ಆಮೇಲೂ ದೆಹಲಿಯ ದಾಳಿಗಳಾದವು. ಊರು ಬಡವಾಯಿತು, ಹೆಸರು ‘ಹಳೆಯ ಬೀಡು’ ಆಯಿತು.

ಇವತ್ತು ಹೋಗಿ ನೋಡಿ. 12ನೇ ಶತಮಾನದ ಹೊಯ್ಸಳೇಶ್ವರ ದೇವಾಲಯ ಕಣ್ಣೆದುರು ನಿಂತಿದೆ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಇದ್ದಾನೆ. ಅರಸೀಕೆರೆಯಲ್ಲಿ 1220ರ ಸುಮಾರಿನ ಈಶ್ವರ ದೇವಾಲಯ ಇದೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಆದರೆ ಇವನ್ನೆಲ್ಲ ಕಟ್ಟಿಸಿದ ದೊರೆ ಮಲಗುತ್ತಿದ್ದ ಕೋಣೆ ಎಲ್ಲಿ? ರಾಣಿಯ ಅಡುಗೆಮನೆ ಎಲ್ಲಿ? ಅರಮನೆಯ ಜಾಗದಲ್ಲಿ ನೆಲದ ಮಟ್ಟದ ಕಲ್ಲುಗಳು ಸಿಗುತ್ತವೆ, ಅದರ ಮೇಲೆ ಏನೂ ಇಲ್ಲ. ಶಿಲ್ಪಿಗಳ ಮನೆ, ವ್ಯಾಪಾರಿಗಳ ಮನೆ, ರೈತರ ಮನೆ ಒಂದೂ ಇಲ್ಲ.

ಗೆದ್ದಲೇ ಅರಮನೆ ತಿಂದಿತು ಅಂತ ನಾವು ಹೇಳುತ್ತಿಲ್ಲ. ದಾಳಿ, ಬೆಂಕಿ, ಮಳೆ, ಕಲ್ಲು ಹೊತ್ತುಕೊಂಡು ಹೋದ ಜನ, ಎಲ್ಲರ ಪಾಲೂ ಇದೆ. ಆದರೆ ಮರದ ಕಂಬ, ಮರದ ತೊಲೆ, ಮಣ್ಣಿನ ಗೋಡೆಯ ಮನೆಯಲ್ಲಿ ಜನ ಇಲ್ಲದಾದ ಮೇಲೆ ಉಳಿದ ಕೆಲಸ ಮಾಡುವವರು ಇಬ್ಬರು: ನೀರು ಮತ್ತು ಗೆದ್ದಲು.

ಬೇಲೂರಿನಲ್ಲಿ ಇದಕ್ಕೆ ಇನ್ನೊಂದು ಗುರುತು ಇದೆ. ಚೆನ್ನಕೇಶವನ ಗರ್ಭಗುಡಿಯ ಮೇಲೆ ಈಗ ಶಿಖರ ಇಲ್ಲ. ಒಂದು ಕಾಲದಲ್ಲಿ ಮರ, ಇಟ್ಟಿಗೆ, ಗಾರೆಯ ಶಿಖರ ಇತ್ತು. ಅದು ಮತ್ತೆ ಮತ್ತೆ ಕೆಟ್ಟು, ಮತ್ತೆ ಮತ್ತೆ ರಿಪೇರಿ ಕಂಡು, ಕೊನೆಗೆ 19ನೇ ಶತಮಾನದಲ್ಲಿ ಕೆಳಗಿನ ಗುಡಿಯನ್ನು ಉಳಿಸಲು ಅದನ್ನೇ ಇಳಿಸಿಬಿಟ್ಟರು. ಕಲ್ಲಿನ ಭಾಗ 900 ವರ್ಷ ನಿಂತಿದೆ.

ಜಮೀನಿನ ದಾಖಲೆಗೂ ಇದೇ ಕತೆ. ಹೊಯ್ಸಳರ ಕಾಲದ ದಾನ, ಗಡಿ, ತೆರಿಗೆ ನಮಗೆ ಗೊತ್ತಿರುವುದು ಅವನ್ನು ಕಲ್ಲಲ್ಲಿ ಕೊರೆಸಿದ್ದರಿಂದ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ ತಂದಾಗ ಅದರಲ್ಲಿ ತುಂಬಿದ್ದು ಇಂಥ ಶಾಸನಗಳೇ. ಓಲೆಗರಿಯಲ್ಲಿ ಬರೆದ ದಿನದಿನದ ಲೆಕ್ಕಪತ್ರ ಹುಳದ ಪಾಲಾಯಿತು. ನಾವು ಇತಿಹಾಸ ಅಂತ ಓದುವುದರಲ್ಲಿ ಬಹುಪಾಲು, ಗೆದ್ದಲು ತಿನ್ನಲಾಗದೆ ಬಿಟ್ಟಿದ್ದು.

ಗೆದ್ದಲು, ಬೂಷ್ಟು: ಇಬ್ಬರಿಗೂ ಒಂದೇ ಬಾಯಾರಿಕೆ

ಗೆದ್ದಲನ್ನು ಬಿಳಿ ಇರುವೆ ಅಂತಾರೆ. ಅದು ಇರುವೆಯ ಜಾತಿಯಲ್ಲ, ಜಿರಳೆಯ ಹತ್ತಿರದ ನೆಂಟ. ಅದರ ಮೈ ಮೆತ್ತಗೆ, ಬಿಸಿಲು ಗಾಳಿ ತಗುಲಿದರೆ ಒಣಗಿ ಸಾಯುತ್ತದೆ. ಅದಕ್ಕೇ ಗೋಡೆ ಹತ್ತುವಾಗ ಮಣ್ಣಿನ ಕೊಳವೆ ಕಟ್ಟಿಕೊಂಡು, ತೇವದ ಒಳಗೇ ನಡೆಯುತ್ತದೆ. ಅದರ ಬೇರು ನೆಲದಲ್ಲಿ. ನೆಲದ ತೇವದ ಜೊತೆ ದಾರಿ ಕಡಿದರೆ ಅದು ಮೇಲೆ ಬದುಕಲ್ಲ.

ಮುಂಗಾರಿನಲ್ಲಿ ಹುತ್ತದ ಮೇಲೆ ಏಳುವ ಅಣಬೆಯನ್ನು ನೀವು ಕಿತ್ತು ಸಾರು ಮಾಡಿರಬಹುದು. ಆ ಅಣಬೆ ಗೆದ್ದಲು ಸಾಕಿದ ಬೆಳೆ. ನಮ್ಮ ಕಡೆಯ ಹುತ್ತ ಕಟ್ಟುವ ಗೆದ್ದಲು ಮರದ ಚೂರನ್ನು ಒಳಗೆ ಒಯ್ದು, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತದೆ. ಗೋಡೆಯ ಮೇಲೆ, ಚರ್ಮದ ಚಪ್ಪಲಿಯ ಮೇಲೆ, ಬೀರುವಿನ ಹಿಂದೆ ಹಿಡಿಯುವ ಕಪ್ಪು ಹಸಿರು ಬೂಷ್ಟು ಕೂಡ ಶಿಲೀಂಧ್ರವೇ. ಇಬ್ಬರೂ ನೀರಿನ ಹಿಂದೆ ಬರುವವರು. ಬಯಲುಸೀಮೆಯ ಅರಸೀಕೆರೆ ಕಡೆ ಜನ ಹೆಚ್ಚಾಗಿ ಹೇಳಿದ್ದು ಗೆದ್ದಲಿನ ಕಾಟ. ಮಲೆನಾಡಿನ ಅಂಚಿನ ಬೇಲೂರಿನಲ್ಲಿ ಹೇಳಿದ್ದು ಗೋಡೆಯ ಶೀತ, ಬೂಷ್ಟು. ಕಾಯಿಲೆ ಎರಡು, ಮೂಲ ಒಂದು.

ಬೂಷ್ಟು ಬರೀ ಗೋಡೆಯ ಅಂದ ಕೆಡಿಸುವ ವಿಷಯವಲ್ಲ. ಶೀತ, ಬೂಷ್ಟು ಇರುವ ಮನೆಯಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಆಸ್ತಮಾದ ಅಪಾಯ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮಕ್ಕಳು, ವಯಸ್ಸಾದವರು ಇರುವ ಮನೆಯವರು ಇದನ್ನು ನೆನಪಿಡಬೇಕು.

ಹಳೇ ಮನೆಯ ಉಪಾಯ

ಹೊಯ್ಸಳರ ಗುಡಿಗಳು ಎತ್ತರದ ಜಗತಿಯ ಮೇಲೆ ನಿಂತಿವೆ. ನಮ್ಮ ಹಳೇ ತೊಟ್ಟಿ ಮನೆಗಳೂ ಅದೇ ಪಾಠ ಕಲಿತಿದ್ದವು. ಮೊದಲು ಕಲ್ಲಿನ ಎತ್ತರದ ತಳಪಾಯ, ಮುಂದೆ ಜಗಲಿ. ಮರದ ಕಂಬವನ್ನು ಎಂದೂ ಮಣ್ಣಲ್ಲಿ ಹೂಳುತ್ತಿರಲಿಲ್ಲ, ಬುಡಕ್ಕೆ ಒಂದು ಕಲ್ಲು ಕೊಟ್ಟು ಅದರ ಮೇಲೆ ನಿಲ್ಲಿಸುತ್ತಿದ್ದರು. ಆ ಒಂದು ಗೇಣು ಕಲ್ಲು ಇದ್ದರೆ ಗೆದ್ದಲು ಕಣ್ಣಿಗೆ ಕಾಣುವ ಹಾಗೆ ಕೊಳವೆ ಕಟ್ಟಿಯೇ ಮೇಲೆ ಹತ್ತಬೇಕು. ಬೆಳಿಗ್ಗೆ ಕಸ ಗುಡಿಸುವವರ ಪೊರಕೆ ಅದನ್ನು ಕೆಡವುತ್ತಿತ್ತು.

ಮರದಲ್ಲೂ ಲೆಕ್ಕ ಇತ್ತು. ತೇಗ, ಹೊನ್ನೆ, ಹಲಸು. ಅದರಲ್ಲೂ ಒಳಗಿನ ಕೆಚ್ಚು ಮಾತ್ರ. ಹೊರಗಿನ ಬಿಳಿ ಭಾಗ ಹುಳಕ್ಕೆ ಹಬ್ಬ. ಬಿದಿರನ್ನು ಕಡಿದ ಕೂಡಲೇ ಬಳಸದೆ ಕೆರೆಯ ನೀರಲ್ಲಿ ಮುಳುಗಿಸಿಡುತ್ತಿದ್ದರು. ಅದರೊಳಗಿನ ಹಿಟ್ಟಿನ ಅಂಶ ನೀರಿಗೆ ಹೋದರೆ ಕುಟ್ಟೆ ಹುಳಕ್ಕೆ ಊಟ ಇಲ್ಲ. ಕರಾವಳಿ ಕಡೆ ಮರಕ್ಕೆ ಗೇರೆಣ್ಣೆ ಬಳಿಯುವ ರೂಢಿ ಇತ್ತು.

ಒಲೆಯ ಹೊಗೆ ಅಟ್ಟ, ಜಂತೆ, ಹೆಂಚಿನ ಸಂದಿ ಎಲ್ಲವನ್ನೂ ದಿನಾ ಒಣಗಿಸುತ್ತಿತ್ತು. ಬಿತ್ತನೆ ಬೀಜ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದು ಅದಕ್ಕೇ. ಅಜ್ಜಿಯ ಪೆಟ್ಟಿಗೆ ನಲವತ್ತು ವರ್ಷ ಉಳಿದ ಗುಟ್ಟೂ ಅಲ್ಲೇ ಇದೆ. ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ. ಹೊಸ ಸುಣ್ಣದ ಖಾರಕ್ಕೆ ಬೂಷ್ಟು ಬೆಳೆಯದು. ಕಾಲ ಕಳೆದಂತೆ ಆ ಖಾರ ಇಳಿಯುತ್ತದೆ, ಆದ್ದರಿಂದ ಮುಂದಿನ ವರ್ಷ ಮತ್ತೆ ಸುಣ್ಣ. ಜೊತೆಗೆ ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಉದ್ದದ ಸೂರು ಮಳೆನೀರನ್ನು ಗೋಡೆಯಿಂದ ದೂರ ಬೀಳಿಸುತ್ತಿತ್ತು.

ಹಾಗಂತ ಹಳೇದೆಲ್ಲ ಚಿನ್ನ ಅನ್ನಬೇಡಿ. ತೊಟ್ಟಿ ಮನೆ ಇದ್ದದ್ದು ಉಳ್ಳವರಿಗೆ. ಬಡವರದು ಹುಲ್ಲಿನ, ತೆಂಗಿನ ಗರಿಯ ಗುಡಿಸಲು. ಅವರ ಕಂಬ ನೆಲದಲ್ಲೇ ಹೂತಿರುತ್ತಿತ್ತು, ಗೆದ್ದಲು ತಿಂದ ಹಾಗೆಲ್ಲ ಹೊಸದು ನೆಡಬೇಕಿತ್ತು. ಮರ ಉಳಿಸಿದ ಅದೇ ಹೊಗೆ ಒಲೆಯ ಮುಂದೆ ಕೂತ ಹೆಣ್ಣುಮಕ್ಕಳ ಕಣ್ಣು, ಎದೆ ಸುಟ್ಟಿತು. ಹೊಗೆ ಹೋದದ್ದು ಒಳ್ಳೆಯದೇ. ಅದು ಮಾಡುತ್ತಿದ್ದ ಒಣಗಿಸುವ ಕೆಲಸವನ್ನು ಇನ್ನೊಂದಕ್ಕೆ ವಹಿಸಲಿಲ್ಲ ಅನ್ನುವುದಷ್ಟೇ ನಮ್ಮ ತಕರಾರು.

ಹೆಂಚು, ರೈಲು, ಪುಡಿ, ಸಿಮೆಂಟು

1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಮೆಲ್ಲಗೆ ಘಟ್ಟ ಹತ್ತಿ ನಾಡಹೆಂಚು, ಹುಲ್ಲಿನ ಮಾಡುಗಳ ಜಾಗಕ್ಕೆ ಬಂತು. ಮಾಡು ಸೋರುವುದು ಕಡಿಮೆಯಾಯಿತು, ಗೆದ್ದಲಿಗೂ ಬೂಷ್ಟಿಗೂ ನೀರು ಕಡಿಮೆಯಾಯಿತು.

ಮುಂದೆ ರೈಲು ಬಂತು, ಅರಸೀಕೆರೆ ಜಂಕ್ಷನ್ ಆಯಿತು. ರೈಲು ಹಳಿ ಅಂದರೆ ಆಗ ಸಾಲುಸಾಲು ಮರದ ಸ್ಲೀಪರ್, ಅದೂ ನೆಲದ ಮೇಲೆ. ಗೆದ್ದಲಿಗೆ ಇಡೀ ದೇಶದಲ್ಲಿ ಎಲೆ ಹಾಕಿ ಬಡಿಸಿದ ಹಾಗೆ. ಮರ ಉಳಿಸುವ ಔಷಧಿ ಹುಡುಕಲೇಬೇಕಾಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅನ್ನುವ ತೆಲುಗು ವಿಜ್ಞಾನಿ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಒಂದು ದ್ರಾವಣ ಕಂಡುಹಿಡಿದರು. ಅದು ಜಗತ್ತಿನೆಲ್ಲೆಡೆ ಕಂಬ, ಬೇಲಿ, ಮನೆಗಳ ಮರ ಕಾಪಾಡಿತು. ಆದರೆ ಆರ್ಸೆನಿಕ್ ವಿಷ. 2004ರಿಂದ ಅಮೆರಿಕದಲ್ಲಿ ವಾಸದ ಮನೆಯ ಹೆಚ್ಚಿನ ಕೆಲಸಗಳಿಗೆ ಅದನ್ನು ನಿಲ್ಲಿಸಿದರು.

ನಮ್ಮ ಹಳ್ಳಿಗಳಿಗೆ ಬಂದದ್ದು ಪುಡಿ. ಗಮಾಕ್ಸಿನ್ ಪುಡಿ ಗೊತ್ತಿಲ್ಲದ ಹಿರಿಯರಿಲ್ಲ. ಹೊಲಕ್ಕೂ ಅದೇ, ಕಣಜದ ಸುತ್ತಲೂ ಅದೇ, ಮಂಚದ ಕೆಳಗೂ ಅದೇ. ಆಲ್ಡ್ರಿನ್, ಹೆಪ್ಟಾಕ್ಲೋರ್, ಕ್ಲೋರ್ಡೇನ್ ಕೂಡ ಗೆದ್ದಲಿಗೆ ಹೆಸರಾದವು. ಇವು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅದೇ ಅವುಗಳ ಗುಣ, ಅದೇ ದೋಷ. ಮಣ್ಣಿಂದ ನೀರಿಗೆ, ಹಾಲಿಗೆ, ಮನುಷ್ಯರ ಮೈಗೆ ಬಂದವು. ನಮ್ಮ ದೇಶ ಈ ಮೂರನ್ನು 1996ರಲ್ಲಿ, ಗಮಾಕ್ಸಿನ್ ಪುಡಿಯಲ್ಲಿದ್ದ ಬಿಎಚ್‌ಸಿಯನ್ನು 1997ರಲ್ಲಿ ನಿಷೇಧಿಸಿತು.

ಈ ನಡುವೆ ಮನೆಯೇ ಬದಲಾಯಿತು. ಸರ್ಕಾರದ ಮನೆಗಳು ಬಂದವು, ಆರ್‌ಸಿಸಿ ಬಂತು. ಗುಡಿಸಲಲ್ಲಿ ಇದ್ದವರಿಗೆ ಗಟ್ಟಿ ಸೂರು ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಸಿಮೆಂಟಿಗೆ ಗೆದ್ದಲು ಬರಲ್ಲ ಅನ್ನುವ ನಂಬಿಕೆಯೂ ಜೊತೆಗೆ ಬಂತು. ಗೆದ್ದಲು ಸಿಮೆಂಟ್ ತಿನ್ನಲ್ಲ ನಿಜ. ನೆಲದ ಬಿರುಕು, ಗೋಡೆ ನೆಲ ಸೇರುವ ಸಂದಿ, ಪೈಪ್ ಹೋಗುವ ತೂತು ಅದಕ್ಕೆ ರಸ್ತೆ. ದುಡ್ಡು ಉಳಿಸಲು ತಳಪಾಯ ತಗ್ಗಾಯಿತು. ನೆಲದ ಶೀತ ಗೋಡೆಗೆ ಏರದಂತೆ ತಳಪಾಯದ ಮೇಲೆ ಹಾಕುವ ಕಾಂಕ್ರೀಟ್ ಪಟ್ಟಿ ತಪ್ಪಿಹೋಯಿತು. ಸೂರು ಹೋಗಿ ಗಿಡ್ಡ ಸಜ್ಜಾ ಬಂತು. ಸುಣ್ಣ ಹೋಗಿ ತೇವವನ್ನು ಒಳಗೇ ಕೂಡಿಹಾಕುವ ಪೇಂಟ್ ಬಂತು. ಬಾಗಿಲಿಗೆ ಹಲಸಿನ ಕೆಚ್ಚಿನ ಬದಲು ಕಂಡ ಕಂಡ ಮರ ಬಂತು. ಅಟ್ಟ ಇಲ್ಲದ್ದರಿಂದ ಪೆಟ್ಟಿಗೆ ಗೋಡೆಗೆ ಒತ್ತಿಕೊಂಡು ನೆಲದ ಮೇಲೆ ಕೂತಿತು.

ಈಗ ಏನು ಮಾಡಬಹುದು

ಹೊಸ ಮನೆ ಕಟ್ಟುವವರು ಮೇಸ್ತ್ರಿಗೆ ಮೊದಲೇ ಹೇಳಿ: ತಳಪಾಯ ಸುತ್ತಲಿನ ನೆಲಕ್ಕಿಂತ ಎತ್ತರ ಇರಲಿ, ಶೀತ ತಡೆಯುವ ಪಟ್ಟಿ ಬಿಡಬೇಡಿ, ಅಡಿಪಾಯದ ಗುಂಡಿಯಲ್ಲಿ ಮರದ ಚೂರು, ಬೇರು ಉಳಿಸಬೇಡಿ. ಕಟ್ಟಡಗಳಿಗೆ ಗೆದ್ದಲು ತಡೆಯುವ ಬಗ್ಗೆ ಐಎಸ್ 6313 ಅನ್ನುವ ಭಾರತೀಯ ಮಾನಕವೇ ಇದೆ. ಅದರ ಮೊದಲ ಭಾಗ ಔಷಧಿಯದಲ್ಲ, ಕಟ್ಟುವ ಕ್ರಮದ್ದು.

ಕಟ್ಟಿ ಆಗಿದ್ದರೆ, ಮಳೆಗಾಲಕ್ಕೆ ಮೊದಲು ಒಂದು ದಿನ ಟಾರ್ಚ್ ಹಿಡಿದು ಹೊಸ್ತಿಲು, ಬಾಗಿಲುವಾಡದ ಬುಡ, ಬೀರುವಿನ ಹಿಂದೆ, ಬಚ್ಚಲಿನ ಗೋಡೆ ನೋಡಿ. ಮರವನ್ನು ತಟ್ಟಿ, ಟೊಳ್ಳು ಸದ್ದು ಬಂದರೆ ಒಳಗೆ ಕೆಲಸ ನಡೆದಿದೆ ಅಂತ ಅರ್ಥ. ಮಣ್ಣಿನ ಕೊಳವೆ ಕಂಡರೆ ಒಡೆಯಿರಿ, ಜೊತೆಗೆ ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಸೋರುವ ನಲ್ಲಿ, ಗೋಡೆ ಬುಡದಲ್ಲಿ ನಿಲ್ಲುವ ಬಚ್ಚಲ ನೀರು, ಗೋಡೆಗೆ ಒತ್ತಿ ಪೇರಿಸಿದ ಸೌದೆ, ಇವನ್ನು ಸರಿ ಮಾಡದೆ ಔಷಧಿ ಹೊಡೆದರೆ ಗೆದ್ದಲು ಮತ್ತೆ ಬರುತ್ತದೆ. ಔಷಧಿ ಬೇಕೇ ಬೇಕು ಅಂದರೆ ಗೊತ್ತಿದ್ದವರ ಕೈಲಿ ಮಾಡಿಸಿ. ಹೊಲಕ್ಕೆ ತಂದ ವಿಷವನ್ನು ಮಲಗುವ ಕೋಣೆಗೆ ಸುರಿಯಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ. ಬೂಷ್ಟು ಹಿಡಿದ ಗೋಡೆಯನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಸುಣ್ಣ ಹೊಡೆಯಿರಿ. ಪೇಂಟ್ ಇರುವ ಗೋಡೆಯಾದರೆ ಅದನ್ನು ಕೆರೆದು ತೆಗೆಯದೆ ಸುಣ್ಣ ಹಿಡಿಯದು. ಬೀರು, ಮಂಚ ಗೋಡೆಯಿಂದ ಒಂದು ಗೇಣು ದೂರ ಇರಲಿ. ಬಿಸಿಲು ಬಂದ ದಿನ ಕಿಟಕಿ ತೆರೆಯಿರಿ.

ಕಾಗದಪತ್ರ ಕಬ್ಬಿಣದ ಟ್ರಂಕಿನಲ್ಲಿ, ನೆಲದಿಂದ ಮೇಲೆ ಇಡಿ. ಫೋನಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗೆ ಕಳಿಸಿಡಿ. ನೋಂದಣಿ ಆದ ಪತ್ರ ಹಾಳಾದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ನೋಂದಣಿ ಮಾಡಿಸದ ಕಾಗದಕ್ಕೆ ಆ ದಾರಿಯಿಲ್ಲ.

ಆ ಮನೆಯ ಪಾಲುಪಟ್ಟಿ ನೋಂದಣಿ ಆಗಿರಲಿಲ್ಲ. ಅಣ್ಣತಮ್ಮಂದಿರು ಈಗ ಅಜ್ಜಿಯ ನೆನಪಿನ ಮೇಲೆ ಗಡಿ ಗುರುತಿಸಿಕೊಳ್ಳುತ್ತಿದ್ದಾರೆ. ಹೊಲದ ಮೂಲೆಯಲ್ಲಿ ಒಂದು ಹಳೇ ಗಡಿಕಲ್ಲು ಇದೆ, ಅಲ್ಲಿಂದ ಅಳೆಯಬೇಕು ಅಂತ ಅಜ್ಜಿ ಹೇಳಿದ್ದಾರಂತೆ. ಕಲ್ಲು ಅಲ್ಲೇ ಇದೆ ಅಂತ ಮೊನ್ನೆ ಚಿಕ್ಕವರು ಫೋನ್ ಮಾಡಿ ತಿಳಿಸಿದರು.